ಹಳೇ ಕಾರಿಗೆ ಹೊಸ ಬ್ರೇಕು: ನಿಮ್ಮ ಪ್ರಶ್ನೆ, ಗ್ಯಾರೇಜಿನಿಂದ ಉತ್ತರ

ಆಯುಧಪೂಜೆ ಹತ್ತಿರ ಬಂತು. ಶೆಡ್ಡಿನಲ್ಲಿ ಮಲಗಿದ್ದ ಹಳೇ ಕಾರುಗಳನ್ನು ಈಚೆಗೆ ತೆಗೆದು ತೊಳೆಯುವ ಕಾಲ. ಈ ಸಲ ಬಂದ ಕಾಗದಗಳಲ್ಲೂ ಹೆಚ್ಚಿನವು ಅವುಗಳದ್ದೇ. ಎಂಜಿನ್ ಬಗ್ಗೆ ಒಬ್ಬರೂ ಕೇಳಿಲ್ಲ, ಎಲ್ಲರೂ ಬ್ರೇಕು, ಪ್ಲೇಟು (ಕಾರಿನ ಭಾರ ಹೊರುವ ಉಕ್ಕಿನ ಸ್ಪ್ರಿಂಗ್ ಪಟ್ಟಿ), ಶಾಕ್ (ಶಾಕ್ ಅಬ್ಸಾರ್ಬರ್) ಬಗ್ಗೆಯೇ ಕೇಳಿದ್ದೀರಿ. ನನಗೆ ಬಹಳ ಸಂತೋಷವಾಯಿತು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಲವತ್ತು ವರ್ಷದಿಂದ ಇದೇ ಕೆಲಸ ಮಾಡಿಕೊಂಡಿದ್ದೇನೆ. ಗೊತ್ತಿರುವುದನ್ನು ಬರೆಯುತ್ತೇನೆ.

ಪ್ರಶ್ನೆ: ನಮ್ಮ ತಂದೆ 1978ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಮನೆಯಲ್ಲಿದೆ. ಕಳೆದ ತಿಂಗಳು ಐದು ಜನ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೆವು. ಇಳಿಯುವಾಗ ಅರ್ಧ ದಾರಿಗೆ ಸುಟ್ಟ ವಾಸನೆ ಬಂತು. ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಕಾರು ಮಾತ್ರ ನಿಲ್ಲುತ್ತಿಲ್ಲ. ಹೇಗೋ ಕೆಳಗೆ ಬಂದು ಸೇರಿದೆವು. ಮುಂದಿನ ಚಕ್ರಗಳಿಗೆ ಮಾರುತಿಯ ಡಿಸ್ಕ್ ಬ್ರೇಕ್ ಹಾಕಿಸಿ ಎನ್ನುತ್ತಾರೆ ನಮ್ಮೂರ ಮೆಕ್ಯಾನಿಕ್. ಹಾಕಿಸಲೇ?
(ನಿವೃತ್ತ ಶಿಕ್ಷಕರು, ಮಂಡ್ಯ)

ಉತ್ತರ: ಮೇಷ್ಟ್ರೇ, ಎಲ್ಲರೂ ಕ್ಷೇಮವಾಗಿ ಇಳಿದಿರಲ್ಲ, ಸದ್ಯ. ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ತೆರೆದ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡು ಹಿಡಿಯುವ ಬ್ರೇಕು, ಹಾಕಿಸಬಹುದು. ಆದರೆ ಈಗಲೇ ಬೇಡ.

ನಿಮ್ಮ ಕಾಗದದಲ್ಲಿ ನನಗೆ ಉಪಯೋಗಕ್ಕೆ ಬಂದದ್ದು 'ಪೆಡಲ್ ಕಲ್ಲಿನ ಹಾಗೆ ಗಟ್ಟಿ' ಎನ್ನುವ ಮಾತು. ಪೆಡಲ್ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ದೋಷ ಲೈನರಿನದು. ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಗೆ ಎರಡು ಶೂ ಇರುತ್ತವೆ, ಅವುಗಳ ಮೇಲೆ ಕೂರಿಸಿದ ಪಟ್ಟಿಯೇ ಲೈನರ್. ಅದು ಕಾದು ಕಾದು ಡ್ರಮ್ಮನ್ನು ಹಿಡಿಯುವುದನ್ನೇ ಬಿಟ್ಟಿದೆ. ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗಿದ್ದರೆ ಬ್ರೇಕ್ ಆಯಿಲ್ ಕುದಿದು ಲೈನಿನಲ್ಲಿ (ಆಯಿಲ್ ಹೋಗುವ ಪೈಪಿನಲ್ಲಿ) ಆವಿ ತುಂಬಿದೆ ಎಂದು ಹೇಳುತ್ತಿದ್ದೆ. ಸಿಗ್ನಲ್ಲಿನಲ್ಲಿ ಕಾಲು ಇಟ್ಟುಕೊಂಡೇ ಇದ್ದಾಗ ಪೆಡಲ್ ಮೆಲ್ಲಗೆ ಕೂರುತ್ತಾ ಹೋದರೆ, ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಎರಡು ಸಲ ಒತ್ತಿದ ಮೇಲೆ ಮೇಲೆ ಬಂದರೆ ಶೂ ಅಡ್ಜಸ್ಟ್ ಮಾಡಬೇಕು, ಇಲ್ಲವೇ ಲೈನಿನಲ್ಲಿ ಗಾಳಿ ಸೇರಿದೆ. ಈ ನಾಲ್ಕರಲ್ಲಿ ಯಾವುದು ಅಂತ ನೀವೇ ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದ ಹಾಗೆ.

ಈಗ ಬೆಟ್ಟದ ಲೆಕ್ಕ ನೋಡೋಣ. ಬೆಟ್ಟದ ತುದಿಗೂ ಮೈಸೂರಿಗೂ ಎತ್ತರದಲ್ಲಿ ಸುಮಾರು 300 ಮೀಟರ್ ವ್ಯತ್ಯಾಸ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರನ್ನು ಒಂದು ಸಲ ನಿಲ್ಲಿಸಿದರೆ ಎಷ್ಟು ಶಾಖ ಹುಟ್ಟುತ್ತದೋ, ಅದೇ ಕಾರನ್ನು 14 ಮೀಟರ್ ಎತ್ತರದಿಂದ ಬ್ರೇಕ್ ಹಿಡಿದು ಇಳಿಸಿದರೂ ಅಷ್ಟೇ ಶಾಖ. ಅಂದರೆ ಬರೀ ಬ್ರೇಕ್ ನಂಬಿಕೊಂಡು ಬೆಟ್ಟ ಇಳಿದರೆ, 60ರ ವೇಗದಿಂದ ಬಿಡುವಿಲ್ಲದೆ ಇಪ್ಪತ್ತು ಸಲ ಕಾರು ನಿಲ್ಲಿಸಿದ ಹಾಗೆ. ಪದ್ಮಿನಿಗೆ ನಾಲ್ಕೂ ಕಡೆ ಡ್ರಮ್ಮೇ. ಡ್ರಮ್ ಅಂದರೆ ಮುಚ್ಚಿದ ಪಾತ್ರೆ, ಒಳಗಿನ ಕಾವು ಬೇಗ ಆರುವುದಿಲ್ಲ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಬೇರೆ ಸರಿಯುತ್ತದೆ. ಆದ್ದರಿಂದ ಮುಂದಿನ ಸಲ ಬೆಟ್ಟದ ಮೇಲೆ, ಹೊರಡುವಾಗಲೇ ಎರಡನೇ ಗೇರಿಗೆ ಹಾಕಿ. ಎಂಜಿನ್ ಹಿಡಿದುಕೊಳ್ಳಲಿ. ಬ್ರೇಕನ್ನು ಒತ್ತಿ ಬಿಡಿ, ಒತ್ತಿ ಬಿಡಿ. ಸುಮ್ನೆ ಕಾಲು ಊರಿಕೊಂಡೇ ಬರಬೇಡಿ.

ಅದಕ್ಕೂ ಮೊದಲು, ಈಗಲೇ ನಾಲ್ಕೂ ಡ್ರಮ್ ಬಿಚ್ಚಿಸಿ. ಬಿಚ್ಚುವಾಗ ನೀವು ಪಕ್ಕದಲ್ಲೇ ಇರಿ. ಲೈನರಿನ ಮೇಲೆ ಬೆರಳಾಡಿಸಿದರೆ ಗಾಜಿನ ಹಾಗೆ ಜಾರುತ್ತಿರುತ್ತದೆ, ಅದೇ ನಿಮ್ಮ ಸುಟ್ಟ ವಾಸನೆಯ ಮೂಲ. ಡ್ರಮ್ಮಿನ ಒಳಗೆ ನೀಲಿ ಮಚ್ಚೆಗಳಿದ್ದರೆ ಅದು ಅತಿಯಾಗಿ ಕಾದಿದೆ. ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಉಗುರಿನಲ್ಲಿ ಸ್ವಲ್ಪ ಎತ್ತಿ ನೋಡಿ. ಒಳಗೆ ಒದ್ದೆ ಕಂಡರೆ ಆ ಸಿಲಿಂಡರ್ ಲೀಕ್. ಆಯಿಲನ್ನು ಒಂದು ಬಿಳಿ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿಯಿರಿ. ಹೊಸದು ತಿಳಿಯಾಗಿ, ಜೇನಿನ ಬಣ್ಣಕ್ಕಿರುತ್ತದೆ. ನಿಮ್ಮದು ಕಾಫಿ ಡಿಕಾಕ್ಷನ್ ಆಗಿದ್ದರೆ ಎಷ್ಟು ವರ್ಷದಿಂದ ಬದಲಿಸಿಲ್ಲ ಅಂತ ಕೇಳುವುದೇ ಬೇಡ. ಒಂದು ಎಚ್ಚರಿಕೆ: ಹಳೇ ಲೈನರುಗಳಲ್ಲಿ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್ ನಾರು ಇರುತ್ತದೆ. ಏರ್ ಪೈಪಿನಲ್ಲಿ ಆ ಧೂಳು ಊದಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿಸಿ. ನಾವು ಹುಡುಗರಾಗಿದ್ದಾಗ ಬಾಯಲ್ಲೇ ಊದುತ್ತಿದ್ದೆವು, ಯಾರೂ ಹೇಳಿರಲಿಲ್ಲ. ಈಗ ನಮ್ಮ ಹುಡುಗರಿಗೆ ಬಿಡುವುದಿಲ್ಲ.

ಡ್ರಮ್ಮನ್ನು ಲೇತಿಗೆ ಕೊಟ್ಟು ಒಳಮೈ ಸಮ ಮಾಡಿಸಿ. ಆದರೆ ತಯಾರಕರು ಹೇಳಿದ ಮಿತಿ ದಾಟಿ ಸವೆಸಬಾರದು, ತೆಳ್ಳಗಾದಷ್ಟೂ ಬೇಗ ಕಾಯುತ್ತದೆ. ಹೊಸ ಲೈನರ್, ಹೊಸ ವೀಲ್ ಸಿಲಿಂಡರ್ ಕಿಟ್, ಹೊಸ ಹೋಸ್ ಪೈಪು, ಹೊಸ ಆಯಿಲ್ ಹಾಕಿಸಿ. ಮಾಸ್ಟರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿ ಗಾಳಿ ತೆಗೆಸಿ. ಆಮೇಲೆ ಒಂದು ತಿಂಗಳು ಓಡಿಸಿ. ಮಂಡ್ಯದೊಳಗೆ, ಹಳ್ಳಿ ರಸ್ತೆಯಲ್ಲಿ, 50-60ರಲ್ಲಿ ಓಡಾಡುವ ಕಾರಿಗೆ ಚೆನ್ನಾಗಿಟ್ಟ ಡ್ರಮ್ ಸಾಕು. ಡಿಸ್ಕ್ ಬೇಕು ಅಂತ ಬಂದವರಲ್ಲಿ ಎಷ್ಟೋ ಜನ ಇಷ್ಟು ಮಾಡಿಸಿ, ಖುಷಿಯಾಗಿ ಮನೆಗೆ ಹೋಗಿದ್ದಾರೆ.

ನೀವು ಎಕ್ಸ್‌ಪ್ರೆಸ್‌ವೇಯಲ್ಲಿ ಬೆಂಗಳೂರಿಗೆ ಹೋಗಿಬರುವವರಾದರೆ ಮಾತು ಬೇರೆ. 100ರ ವೇಗದಿಂದ ನಿಲ್ಲಿಸುವಾಗ 60ರಿಂದ ನಿಲ್ಲಿಸುವುದಕ್ಕಿಂತ ಎರಡೂಮುಕ್ಕಾಲು ಪಟ್ಟು ಶಾಖ ಹುಟ್ಟುತ್ತದೆ. ಅಲ್ಲಿ ಡಿಸ್ಕ್‌ಗೆ ಬೆಲೆ ಇದೆ. ಆದರೆ ಡಿಸ್ಕ್ ಒಂದನ್ನೇ ತಂದು ಸಿಕ್ಕಿಸಿದರೆ ಆಗುವುದಿಲ್ಲ. ಡ್ರಮ್ಮಿನಲ್ಲಿ ತಿರುಗುವ ಡ್ರಮ್ಮೇ ಶೂವನ್ನು ತನ್ನ ಕಡೆ ಎಳೆದುಕೊಂಡು ಸಹಾಯ ಮಾಡುತ್ತದೆ. ಡಿಸ್ಕ್‌ನಲ್ಲಿ ಆ ಸಹಾಯ ಇಲ್ಲ, ಎಲ್ಲ ಒತ್ತಡ ನಿಮ್ಮ ಕಾಲಿನಿಂದಲೇ ಬರಬೇಕು. ಹಾಗಾಗಿ ಅದಕ್ಕೆ ಹೊಂದುವ ಅಳತೆಯ ಮಾಸ್ಟರ್ ಸಿಲಿಂಡರ್ ಬೇಕು, ಬಹಳ ಸಲ ಕಾಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಕೂಡ ಬೇಕು. ಡ್ರಮ್ಮಿನ ಮಾಸ್ಟರಿನಲ್ಲಿ ಲೈನಿನ ಒತ್ತಡವನ್ನು ಸ್ವಲ್ಪ ಹಿಡಿದಿಡುವ ವಾಲ್ವ್ ಇರುತ್ತದೆ. ಡಿಸ್ಕ್ ಲೈನಿನಲ್ಲಿ ಅದನ್ನು ಹಾಗೇ ಬಿಟ್ಟರೆ ಪ್ಯಾಡು ಸದಾ ಉಜ್ಜುತ್ತಲೇ ಇರುತ್ತದೆ. ಮುಂದೆ, ಹಿಂದೆ ಹಿಡಿತದ ಹೊಂದಾಣಿಕೆಯನ್ನೂ ನೋಡಬೇಕು. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ. ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್ ಇರುತ್ತದಲ್ಲ, ಅದನ್ನು ಹಿಡಿಯುವ ಬ್ರಾಕೆಟ್ ದಪ್ಪ ಉಕ್ಕಿನದಾಗಿರಲಿ, ಲೇತಿನಲ್ಲಿ ಅಳತೆಗೆ ಮಾಡಿ ಬೋಲ್ಟಿನಲ್ಲಿ ಕೂರಿಸಿದ್ದಾಗಿರಲಿ. ಚಕ್ರ ಕೂರುವ ಸ್ಟಬ್ ಆಕ್ಸಲ್ಲಿಗೆ ವೆಲ್ಡಿಂಗ್ ಮಾಡುತ್ತೇನೆ ಅಂದವರ ಹತ್ತಿರ ಕಾರು ಬಿಡಲೇಬೇಡಿ. ಕೆಲಸ ಮುಗಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹೋಸ್ ಎಲ್ಲೂ ಉಜ್ಜುತ್ತಿಲ್ಲ ಅಂತ ಬಗ್ಗಿ ನೋಡಿ.

ಡಿಸ್ಕ್ ಹಾಕಿಸಿ, ಬಿಡಿ, ಎರಡು ಕೊಠಡಿಯ ಮಾಸ್ಟರ್ ಸಿಲಿಂಡರ್ ಮಾತ್ರ ಹಾಕಿಸಿಯೇ ಹಾಕಿಸಿ. ಆ ಕಾಲದ ಹೆಚ್ಚಿನ ಕಾರುಗಳಲ್ಲಿ ಒಂದೇ ಕೊಠಡಿ. ಎಲ್ಲಾದರೂ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ನನಗಾಗ ಇಪ್ಪತ್ತೆರಡು ವರ್ಷ. ಗಿರಾಕಿಯೊಬ್ಬರ ಫಿಯೆಟ್ ಟ್ರಯಲ್ ನೋಡಲು ಇದೇ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೆ. ಇಳಿಯುವಾಗ ತಿರುವಿನ ಮುಂಚೆ ಕಾಲಿಟ್ಟೆ, ಪೆಡಲ್ ನೆಲಕ್ಕೆ ಹೋಗಿ ಬಡಿಯಿತು. ಎರಡನೇ ಗೇರಿನಿಂದ ಒಂದಕ್ಕೆ ಎಳೆದು, ಹ್ಯಾಂಡ್ ಬ್ರೇಕ್ ಹಾಕಿ, ಮಣ್ಣಿನ ದಿಣ್ಣೆಗೆ ಮಡ್‌ಗಾರ್ಡ್ ಒರಗಿಸಿ ನಿಲ್ಲಿಸಿದೆ. ಇಳಿದು ಕೆಳಗೆ ಮಲಗಿ ನೋಡಿದರೆ ಹಿಂದಿನ ಆಕ್ಸಲ್ ಹತ್ತಿರದ ಪೈಪು ತುಕ್ಕು ಹಿಡಿದು, ಸಾಸಿವೆ ಕಾಳಿನಷ್ಟು ತೂತು ಬಿದ್ದಿತ್ತು. ಆ ಗೇಣುದ್ದದ ಪೈಪು ಇವತ್ತಿಗೂ ನನ್ನ ಟೂಲ್ಸ್ ಬೋರ್ಡಿನ ಮೊಳೆಯಲ್ಲಿ ನೇತಾಡುತ್ತಿದೆ. ಎರಡು ಕೊಠಡಿ ಇದ್ದರೆ ಒಂದು ಕಡೆ ಹೋದರೂ ಇನ್ನೊಂದು ಕಡೆ ಉಳಿಯುತ್ತದೆ. ಅಪ್ಪನ ಕಾರಿನಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತೀರಿ, ಇದನ್ನು ಮುಂದಕ್ಕೆ ಹಾಕಬೇಡಿ ಮೇಷ್ಟ್ರೇ.

ಪ್ರಶ್ನೆ: ಹಳೇ ಕಾರಿಗೆ ಡಾಟ್ 5 ಬ್ರೇಕ್ ಆಯಿಲ್ ಹಾಕಿದರೆ ಒಳ್ಳೆಯದಂತೆ, ಹೌದಾ?
(ಓದುಗರು, ನಂಜನಗೂಡು)

ಉತ್ತರ: ಬೇಡ. ಡಾಟ್ 5 ಸಿಲಿಕೋನ್ ಆಯಿಲ್. ಈಗಿರುವುದರ ಜೊತೆ ಬೆರೆಯುವುದಿಲ್ಲ. ಡಾಟ್ 4 ಹಾಕಿ. ಹೊಸದರಲ್ಲಿ ಅದು ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಆದರೆ ಗಾಳಿಯ ತೇವ ಎಳೆದುಕೊಳ್ಳುತ್ತಾ ಹೋಗಿ, ಆ ಮಟ್ಟ 155ರ ಹತ್ತಿರಕ್ಕೆ ಇಳಿದುಬಿಡಬಹುದು. ಕಾರು ಓಡಲಿ, ನಿಂತಿರಲಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಅರ್ಧ ಖಾಲಿಯಾದ ಹಳೇ ಡಬ್ಬಿಯದನ್ನು ಹಾಕಬೇಡಿ. ಬಾಡಿ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ, ಬಣ್ಣ ಕಿತ್ತುಬರುತ್ತದೆ.

ಪ್ರಶ್ನೆ: ನಮ್ಮ ಮಾವನವರ ಅಂಬಾಸಿಡರ್ ಹಿಂದೆ ತಗ್ಗಿತ್ತು. ಹಂಪ್ ಬಂದಾಗಲೆಲ್ಲ ತಳ ಬಡಿಯುತ್ತಿತ್ತು. ಹಿಂದಿನ ಪ್ಲೇಟ್ ಕಟ್ಟಿಗೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿದೆವು. ಈಗ ತಳ ಬಡಿಯುವುದಿಲ್ಲ, ಆದರೆ ಎತ್ತಿನ ಗಾಡಿಯಲ್ಲಿ ಕೂತ ಹಾಗೆ ಕುಕ್ಕುತ್ತದೆ. ಅತ್ತೆಗೆ ಸೊಂಟ ನೋವು. ಗ್ಯಾಸ್ ಶಾಕ್ ಹಾಕಿಸಿದರೆ ಸರಿಹೋಗುತ್ತದಾ?
(ಗೃಹಿಣಿ, ಸರಸ್ವತಿಪುರಂ, ಮೈಸೂರು)

ಉತ್ತರ: ಇಲ್ಲಮ್ಮ, ಅದರಿಂದ ಇನ್ನೂ ಸ್ವಲ್ಪ ಬಿಗಿಯಾದರೂ ಆದೀತು. ಭಾರ ಹೊರುವುದು ಪ್ಲೇಟಿನ ಕೆಲಸ. ಪ್ಲೇಟು ಕುಣಿಯುವುದನ್ನು ನಿಲ್ಲಿಸುವುದು ಶಾಕ್ ಕೆಲಸ. ಬಿಗಿಯಾದ ಪ್ಲೇಟನ್ನು ಶಾಕ್ ಮೆತ್ತಗೆ ಮಾಡಲಾರದು.

ಮೊದಲು ಜಾಸ್ತಿ ಹಾಕಿದ ಪ್ಲೇಟುಗಳನ್ನು ತೆಗೆಸಿ. ಕಟ್ಟು ಪೂರ್ತಿ ಬಿಚ್ಚಿಸಿ. ಬೇಸಾಯದ ನೇಗಿಲಿಗೆ ಹಿಡಿಯುವ ಹಾಗೆ ಪ್ಲೇಟುಗಳ ಮಧ್ಯೆ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ, ಒಂದರ ಮೇಲೊಂದು ಜಾರುವುದೇ ಇಲ್ಲ. ಅರ್ಧ ಕುಕ್ಕುವುದು ಅದರಿಂದಲೇ. ತುಕ್ಕು ಉಜ್ಜಿಸಿ, ಬಿರುಕು ಇದೆಯಾ ನೋಡಿಸಿ. ಬಾಗು ಕಳೆದುಕೊಂಡ ಕಟ್ಟನ್ನು ಸುತ್ತಿಗೆಯಲ್ಲಿ ತಟ್ಟಿ ಎತ್ತರ ಬರಿಸುತ್ತಾರೆ. ಹದ ಹಾಕದೆ ಬರೀ ತಟ್ಟಿದರೆ ಸ್ವಲ್ಪ ದಿನಕ್ಕೆ ಮತ್ತೆ ಇಳಿಯುತ್ತದೆ. ಹೊಸ ಕಟ್ಟೇ ಮೇಲು. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ನಿಂತುಹೋದರೂ ಅಂಬಾಸಿಡರಿನ ಪಾರ್ಟ್ಸ್ ಹುಡುಕಿದರೆ ಸಿಗುತ್ತವೆ.

ಬೋಲ್ಟಿನ ಸುತ್ತ ಕೂರುವ ರಬ್ಬರ್ ಬುಷ್ ಎಲ್ಲ ಹೊಸದು ಹಾಕಿಸಿ. ಕಡಿಮೆ ಖರ್ಚು, ಕಾರು ಬೇರೆಯದೇ ಅನ್ನಿಸುತ್ತದೆ. ಇಲ್ಲಿ ಒಂದು ವಿಷಯ ಬಹಳ ಜನ ತಪ್ಪು ಮಾಡುತ್ತಾರೆ. ಕಾರನ್ನು ಜಾಕ್ ಮೇಲೆ ಎತ್ತಿ, ಚಕ್ರ ನೇತಾಡುವಾಗಲೇ ಬುಷ್ ಬೋಲ್ಟು ಬಿಗಿದುಬಿಡುತ್ತಾರೆ. ಕಾರು ಕೆಳಗಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬೋಲ್ಟನ್ನು ಸಡಿಲವಾಗಿ ಹಾಕಿ, ಕಾರು ನೆಲದ ಮೇಲೆ ನಿಂತ ಮೇಲೆ ಕೊನೆಯ ಬಿಗಿ ಕೊಡಬೇಕು. ಕಿರ್ ಅಂತ ಸದ್ದು ಬಂತೆಂದು ರಬ್ಬರಿಗೆ ಗ್ರೀಸ್ ಹಚ್ಚಬೇಡಿ.

ಆಮೇಲೆ ಶಾಕ್ ನೋಡಿ. ಕಾರಿನ ಒಂದು ಮೂಲೆಯನ್ನು ಬಲವಾಗಿ ಒತ್ತಿ ಕೈ ಬಿಡಿ. ಒಂದು ಸಲ ಮೇಲೆ ಬಂದು ನಿಂತರೆ ಚೆನ್ನಾಗಿದೆ. ತೊಟ್ಟಿಲಿನ ಹಾಗೆ ಆಡುತ್ತಿದ್ದರೆ ಹೋಗಿದೆ. ಬದಲಿಸುವಾಗ ಎರಡೂ ಕಡೆ ಒಟ್ಟಿಗೆ ಬದಲಿಸಿ. ಮುಂದೆ ಪ್ಲೇಟಿನ ಬದಲು ಟಾರ್ಷನ್ ಬಾರ್ ಇದೆ, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು. ಅದನ್ನು ಬಿಚ್ಚಿದರೆ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೇ ಹೋಗಬೇಕು, ಗುರುತು ಹಾಕಿಸಿ. ಮುಂದಿನ ಎತ್ತರ ಬದಲಾದರೆ ವೀಲ್ ಅಲೈನ್‌ಮೆಂಟ್ ಕೂಡ ಮಾಡಿಸಿ. ಇಷ್ಟಾದ ಮೇಲೆ ಅತ್ತೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಶ್ರೀರಂಗಪಟ್ಟಣದವರೆಗೆ ಹೋಗಿಬನ್ನಿ, ಅವರೇ ಹೇಳುತ್ತಾರೆ.

ಪ್ರಶ್ನೆ: ನನ್ನ ಹತ್ತಿರ 1968ರ ಫಿಯೆಟ್ 1100 ಇದೆ. ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಬೇಕು. ಡಿಸ್ಕ್ ಬ್ರೇಕ್ ಹಾಕಿಸಿ, ಕಾಯಿಲ್ ಸ್ಪ್ರಿಂಗ್ ಕತ್ತರಿಸಿ ಸ್ವಲ್ಪ ತಗ್ಗಿಸಬೇಕು ಅಂತಲೂ ಆಸೆ. ತೊಂದರೆ ಆಗುತ್ತಾ?
(ಯುವ ಓದುಗ, ಶ್ರೀರಂಗಪಟ್ಟಣ)

ಉತ್ತರ: ತಮ್ಮಾ, ಸ್ಪ್ರಿಂಗ್ ಕತ್ತರಿಸುವ ಯೋಚನೆ ಇವತ್ತೇ ಬಿಟ್ಟುಬಿಡು. ಕತ್ತರಿಸಿದ ಸ್ಪ್ರಿಂಗ್ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ, ಬಿಗಿಯೂ ಆಗುತ್ತದೆ. ಗ್ಯಾಸಿನಲ್ಲಿ ಕತ್ತರಿಸಿದರಂತೂ ಕಾದ ಕಡೆ ಹದ ಹೋಗಿ ಮುರಿಯಬಹುದು. ನಮ್ಮ ಹಂಪುಗಳಿಗೆ ತಗ್ಗಿಸಿದ ಕಾರು ಆಗಿಬರುವುದೂ ಇಲ್ಲ.

2021ರ ವಿಂಟೇಜ್ ನಿಯಮದ ಪ್ರಕಾರ ಕಾರಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್ ಮಾರ್ಪಾಡು ಮಾಡಿರಬಾರದು. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಆಮೇಲೆ ಆ ಕಾರನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಇಂಥವಕ್ಕೆ ಮಾತ್ರ. ದಿನಾ ಓಡಿಸದ ಕಾರಿಗೆ ಡಿಸ್ಕ್ ಯಾಕೆ, ಅಲ್ವಾ? ನನ್ನ ಮಾತು ಕೇಳುವುದಾದರೆ ಡ್ರಮ್ಮನ್ನೇ ಚೆನ್ನಾಗಿ ಮಾಡಿಸು. ಟಯರ್ ಕೂಡ ನೋಡು. ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರದ್ದು. ಬಟನ್ ಸವೆದಿಲ್ಲ ಅಂತ ಹಳೇ ಟಯರ್ ಇಟ್ಟುಕೊಂಡರೆ ಎಂಥ ಬ್ರೇಕ್ ಇದ್ದೂ ಜಾರುತ್ತದೆ.

ಡಿಸ್ಕ್ ಬೇಕೇ ಬೇಕು ಅಂತಿದ್ದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸು. ಏನನ್ನೂ ಕತ್ತರಿಸದೆ, ಬೋಲ್ಟ್ ಬಿಚ್ಚಿದರೆ ಹಳೆಯದನ್ನು ವಾಪಸ್ ಹಾಕುವಂತೆ ಮಾಡಿಸು. ಬಿಚ್ಚಿದ ಡ್ರಮ್, ಶೂ, ಬ್ಯಾಕ್ ಪ್ಲೇಟ್, ಮಾಸ್ಟರ್ ಯಾವುದನ್ನೂ ಗುಜರಿಗೆ ಹಾಕಬೇಡ. ಡ್ರಮ್ಮಿಗೆ ತೆಳ್ಳಗೆ ಗ್ರೀಸ್ ಹಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಎಡ ಯಾವುದು ಬಲ ಯಾವುದು ಅಂತ ಚೀಟಿ ಕಟ್ಟಿ ಅಟ್ಟದ ಮೇಲಿಡು.