ರಾಸ್ಪ್‌ಬೆರಿ ಪೈನಲ್ಲಿದ್ದ ಮೆಮೊರಿ ಕಾರ್ಡ್ 512 ಎಂಬಿ ಮಾತ್ರ ತೋರಿಸುತ್ತಿದೆ, ಡಿಸ್ಕ್‌ಪಾರ್ಟ್‌ನಿಂದ ಫಾರ್ಮ್ಯಾಟ್ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಬಳಸಿದ 32 ಜಿಬಿ ಮೈಕ್ರೊ ಎಸ್‌ಡಿ ಕಾರ್ಡ್ ಇದೆ. ಈಗ ಅದು ಕ್ಯಾಮೆರಾಗೆ ಬೇಕು. ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿದರೆ 512 ಎಂಬಿ ಮಾತ್ರ ಕಾಣುತ್ತದೆ. ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಕೊಟ್ಟರೂ ಅಷ್ಟೇ. ವಿಂಡೋಸ್‌ನಲ್ಲೇ ಇರುವ, ಆಜ್ಞೆ ಟೈಪ್ ಮಾಡಿ ನಡೆಸುವ ಡಿಸ್ಕ್‌ಪಾರ್ಟ್ ಎಂಬ ಸಾಧನ ಬಳಸಿ ಎಂದು ಯಾರೋ ಹೇಳಿದ್ದಾರೆ, ಆದರೆ ಲ್ಯಾಪ್‌ಟಾಪ್‌ನಲ್ಲಿರುವುದೆಲ್ಲ ಅಳಿಸಿಹೋದರೆ ಏನು ಗತಿ ಎಂಬ ಭಯ ನಿಮಗಿದೆ.

ಮೊದಲು ಸಮಾಧಾನದ ಮಾತು: ನಿಮ್ಮ ಕಾರ್ಡ್ ಕೆಟ್ಟಿಲ್ಲ. ಪೈ ತನ್ನ ಕಾರ್ಡನ್ನು ಎರಡು ಭಾಗ ಮಾಡಿಕೊಳ್ಳುತ್ತದೆ. ಬೂಟ್ ಆಗಲು ಬೇಕಾದ ಚಿಕ್ಕ ಭಾಗ ಒಂದು. ಅದರಲ್ಲಿ ಫೈಲ್ ಜೋಡಿಸುವ ರೀತಿ ಫ್ಯಾಟ್32, ಹಾಗಾಗಿ ವಿಂಡೋಸ್‌ಗೆ ಓದಲು ಬರುತ್ತದೆ. ಇದು ಮೊದಲು 256 ಎಂಬಿ ಇತ್ತು, ಪೈ ಸಾಫ್ಟ್‌ವೇರಿನ 2023ರ ಬುಕ್‌ವರ್ಮ್ ಆವೃತ್ತಿಯಿಂದ 512 ಎಂಬಿ ಆಯಿತು. ಉಳಿದದ್ದೆಲ್ಲ ಇಎಕ್ಸ್‌ಟಿ4 ಎಂಬ ಲಿನಕ್ಸ್ ರೀತಿಯ ಭಾಗ. ಅದನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ಒಂದು ಸೈಟಿನ ಮಧ್ಯೆ ಗೋಡೆ ಕಟ್ಟಿದ ಹಾಗೆ ಇದು. ರೈಟ್ ಕ್ಲಿಕ್ ಫಾರ್ಮ್ಯಾಟ್ ಈಚೆ ಕಡೆ ಮಾತ್ರ ಗುಡಿಸುತ್ತದೆ, ಗೋಡೆಯನ್ನು ಮುಟ್ಟುವುದಿಲ್ಲ. ಗೋಡೆ ತೆಗೆಯಲು ಡಿಸ್ಕ್‌ಪಾರ್ಟ್‌ನಂಥ ಸಾಧನ ಬೇಕು.

ಇನ್ನು ಭಯದ ವಿಷಯ. ವಿಂಡೋಸ್ ಸದ್ಯ ಓಡುತ್ತಿರುವ ಡಿಸ್ಕನ್ನು ಡಿಸ್ಕ್‌ಪಾರ್ಟ್ ಕ್ಲೀನ್ ಮಾಡಲು, ಅಂದರೆ ಭಾಗಗಳನ್ನೆಲ್ಲ ಅಳಿಸಲು, ಬಿಡುವುದಿಲ್ಲ. ಬೂಟ್ ಡಿಸ್ಕ್ ಎಂದು ಗುರುತಿಸಿ ತಡೆದು ನಿಲ್ಲಿಸುತ್ತದೆ. ನಿಜವಾಗಿ ಅಪಾಯದಲ್ಲಿರುವುದು ಪಕ್ಕದಲ್ಲಿ ಚುಚ್ಚಿಕೊಂಡಿರುವ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ಅಥವಾ ಲ್ಯಾಪ್‌ಟಾಪ್ ಒಳಗೇ ಇರುವ ಎರಡನೇ ಡಿಸ್ಕ್. ಅದಕ್ಕೆ ಈ ರಕ್ಷಣೆ ಇಲ್ಲ. ಮನೆಯವರ ಮದುವೆ ಫೋಟೊ, ಮಗುವಿನ ವಿಡಿಯೊ ಎಲ್ಲ ಇರುವುದು ಸಾಮಾನ್ಯವಾಗಿ ಅಲ್ಲೇ ಅಲ್ವಾ? ಆದ್ದರಿಂದ ಶುರು ಮಾಡುವ ಮುಂಚೆ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್, ಫೋನ್ ಎಲ್ಲವನ್ನೂ ಕಿತ್ತುಬಿಡಿ. ದಯವಿಟ್ಟು ಈ ಹೆಜ್ಜೆ ಬಿಡಬೇಡಿ. ಆಮೇಲೆ ಎಷ್ಟು ಎಚ್ಚರ ವಹಿಸಿದರೂ ಇದಕ್ಕೆ ಸಮ ಆಗುವುದಿಲ್ಲ.

ಪೈ ಕಾರ್ಡಿನಲ್ಲಿ ನೀವು ಬರೆದ ಪ್ರೋಗ್ರಾಂ ಏನಾದರೂ ಇದ್ದರೆ, ಕಾರ್ಡನ್ನು ಪೈಗೇ ವಾಪಸ್ ಹಾಕಿ ಬೇರೆ ಕಡೆಗೆ ಕಾಪಿ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ಅದು ಕಾಣುತ್ತಿಲ್ಲ ಎಂದರೆ ಖಾಲಿ ಇದೆ ಎಂದಲ್ಲ.

ಈಗ ಕೆಲಸ. ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿ. ಚಿಕ್ಕಕ್ಷರ, ದೊಡ್ಡಕ್ಷರ ಯಾವುದಾದರೂ ನಡೆಯುತ್ತದೆ. ಒಂದೊಂದರ ನಂತರ ಎಂಟರ್ ಒತ್ತಿ.

ಕಾರ್ಡ್ ಹಾಕದೆಯೇ ಶುರು ಮಾಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಡಿಸ್ಕ್‌ಪಾರ್ಟ್ ಎಂದು ಟೈಪ್ ಮಾಡಿ, ಅನುಮತಿ ಕೇಳಿದರೆ ಯೆಸ್ ಕೊಡಿ. ಕಪ್ಪು ಕಿಟಕಿ ಬರುತ್ತದೆ. ಅಲ್ಲಿ

ಲಿಸ್ಟ್ ಡಿಸ್ಕ್

ಎಂದು ಕೊಡಿ. ಈಗ ಲ್ಯಾಪ್‌ಟಾಪ್ ಒಳಗಿರುವ ಡಿಸ್ಕ್‌ಗಳು ಮಾತ್ರ ಕಾಣುತ್ತವೆ. ಕಾರ್ಡ್ ರೀಡರ್ ಖಾಲಿ ಇದ್ದರೆ ಅದೂ 0 ಬಿ ಎಂದು ಒಂದು ಸಾಲಾಗಿ ಕಾಣಬಹುದು. ಇದರ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಕಾರ್ಡ್ ಹಾಕಿ, ಮತ್ತೆ ಲಿಸ್ಟ್ ಡಿಸ್ಕ್ ಕೊಡಿ. ಹೊಸದಾಗಿ ಬಂದ ಸಾಲು, ಅಥವಾ ಸೊನ್ನೆಯಿಂದ 29 ಜಿಬಿಗೆ ಏರಿದ ಸಾಲು, ನಿಮ್ಮ ಕಾರ್ಡ್. 32 ಹೋಗಿ 29 ಯಾಕೆ ಬಂತು ಎಂದು ಗಾಬರಿ ಬೇಡ. ಕಾರ್ಡ್ ಕಂಪನಿಗಳು ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತವೆ, ವಿಂಡೋಸ್ 1,07,37,41,824 ಬೈಟ್ ಎಂದು. ಬೈಟ್‌ಗಳು ಇರುವುದು ಅಷ್ಟೇ, ಭಾಗಿಸುವ ಸಂಖ್ಯೆ ಬೇರೆ.

ಡಿಸ್ಕ್ ನಂಬರನ್ನು ನೆನಪಿನಿಂದಾಗಲಿ, ಇಂಟರ್‌ನೆಟ್‌ನಲ್ಲಿ ಸಿಕ್ಕ ಉದಾಹರಣೆಯಿಂದಾಗಲಿ ತೆಗೆದುಕೊಳ್ಳಬೇಡಿ. ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ 1 ಆಗಿದ್ದು ನಿಮ್ಮಲ್ಲಿ 2 ಆಗಿರಬಹುದು. ನಿನ್ನೆ 2 ಇದ್ದದ್ದು ಇವತ್ತು 1 ಆಗಲೂಬಹುದು. ನಿಮ್ಮದು 2 ಎಂದುಕೊಳ್ಳೋಣ.

ಸೆಲೆಕ್ಟ್ ಡಿಸ್ಕ್ 2
ಡಿಟೇಲ್ ಡಿಸ್ಕ್

ಡಿಟೇಲ್ ಡಿಸ್ಕ್ ಎಂಬುದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಸಾಲು. ಆಯ್ಕೆಯಾದ ಡಿಸ್ಕ್‌ನ ಹೆಸರು, ಯುಎಸ್‌ಬಿಯೋ ಎಸ್‌ಡಿಯೋ ಎಂಬ ವಿವರ, ಅದರ ಮೇಲಿರುವ ಡ್ರೈವ್ ಅಕ್ಷರಗಳು ಎಲ್ಲ ಬರುತ್ತವೆ. ಅಲ್ಲಿ 512 ಎಂಬಿಯ ಭಾಗ ಕಂಡರೆ ಸರಿಯಾದ ಜಾಗದಲ್ಲಿದ್ದೀರಿ. ಹಾರ್ಡ್‌ಡಿಸ್ಕ್ ಕಂಪನಿಯ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ, ಎಕ್ಸಿಟ್ ಕೊಟ್ಟು ಹೊರಗೆ ಬನ್ನಿ. ಇಲ್ಲಿಯವರೆಗೆ ಏನೂ ಅಳಿಸಿಲ್ಲ. ಮುಂದಿನ ಸಾಲು ಅಳಿಸುತ್ತದೆ.

ಕ್ಲೀನ್

ಇದು "ಖಂಡಿತಾನಾ?" ಎಂದು ಕೇಳುವುದಿಲ್ಲ. ಎಂಟರ್ ಒತ್ತಿದ ಕ್ಷಣಕ್ಕೆ ಎರಡೂ ಭಾಗಗಳು ಹೋಗುತ್ತವೆ. ಅನುಮತಿ ಇಲ್ಲ ಎಂಬ ದೂರು ಬಂದರೆ, ಕಾರ್ಡ್ ತೆರೆದಿರುವ ಎಕ್ಸ್‌ಪ್ಲೋರರ್ ಕಿಟಕಿಗಳನ್ನು ಮುಚ್ಚಿ ಇನ್ನೊಮ್ಮೆ ಕೊಡಿ. ಮಧ್ಯದಲ್ಲಿ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕೇ ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಆಮೇಲೆ

ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ
ಫಾರ್ಮ್ಯಾಟ್ ಎಫ್‌ಎಸ್=ಫ್ಯಾಟ್32 ಕ್ವಿಕ್
ಅಸೈನ್
ಎಕ್ಸಿಟ್

ಅಷ್ಟೇ. ಎಫ್‌ಎಸ್ ಮತ್ತು ಫ್ಯಾಟ್32 ಮಧ್ಯೆ ಈಕ್ವಲ್ ಚಿಹ್ನೆ ಇರಲಿ, ಅದರ ಅಕ್ಕಪಕ್ಕ ಜಾಗ ಬಿಡಬೇಡಿ. ಫ್ಯಾಟ್ ಎಂಬುದಕ್ಕೆ ಎಫ್, ಎ, ಟಿ ಮೂರೇ ಅಕ್ಷರ. ಕ್ವಿಕ್ ಬಿಟ್ಟರೆ ವಿಂಡೋಸ್ ವಿಸ್ಟಾದಿಂದ ಈಚೆಗೆ ಇಡೀ ಕಾರ್ಡಿನ ಮೇಲೆ ಸೊನ್ನೆ ಬರೆಯುತ್ತಾ ಹೋಗುತ್ತದೆ. ಬಹಳ ಹೊತ್ತು ಹಿಡಿಯುತ್ತದೆ, ಕ್ಯಾಮೆರಾಗೆ ಅದು ಬೇಕಾಗಿಲ್ಲ.

ಫ್ಯಾಟ್32 ಹೇಳಿದ್ದು ನಿಮ್ಮದು 32 ಜಿಬಿ ಕಾರ್ಡ್ ಎಂಬ ಕಾರಣಕ್ಕೆ. ಎಸ್‌ಡಿ ಅಸೋಸಿಯೇಷನ್‌ನ ನಿಯಮದಂತೆ 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡ್‌ಗೆ ಫ್ಯಾಟ್32, ಅದಕ್ಕೂ ದೊಡ್ಡದಾದ ಎಸ್‌ಡಿಎಕ್ಸ್‌ಸಿ ಕಾರ್ಡ್‌ಗೆ ಎಕ್ಸ್‌ಫ್ಯಾಟ್. ನಾಳೆ 64 ಜಿಬಿ ಕಾರ್ಡ್ ತಂದರೆ ಆ ಸಾಲಿನಲ್ಲಿ ಫ್ಯಾಟ್32 ಬದಲು ಎಕ್ಸ್‌ಫ್ಯಾಟ್ (ಇ, ಎಕ್ಸ್, ಎಫ್, ಎ, ಟಿ) ಎಂದು ಹಾಕಿ. ಅಲ್ಲಿ ಫ್ಯಾಟ್32 ಕೊಟ್ಟರೆ ಗಾತ್ರ ಜಾಸ್ತಿಯಾಯಿತು ಎನ್ನಬಹುದು. ಇದು ಫ್ಯಾಟ್32ರ ಮಿತಿ ಅಲ್ಲ, ವಿಂಡೋಸ್ ತನ್ನ ಫಾರ್ಮ್ಯಾಟ್ ಸಾಧನಕ್ಕೆ ಹಾಕಿಕೊಂಡ ಮಿತಿ. 32 ಜಿಬಿ ಎಂಬ ಆ ಸಂಖ್ಯೆಯನ್ನು ತಾನೇ ಆರಿಸಿದ್ದು ಎಂದು ಮೈಕ್ರೋಸಾಫ್ಟ್‌ನ ಹಳೆಯ ಎಂಜಿನಿಯರ್ ಡೇವ್ ಪ್ಲಮರ್ ಹೇಳಿದ್ದಾರೆ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ 11ರ ಒಂದು ಪರೀಕ್ಷಾ ಆವೃತ್ತಿಯಲ್ಲಿ ಕಮಾಂಡ್ ಲೈನ್‌ಗೆ ಈ ಮಿತಿಯನ್ನು 2 ಟಿಬಿಗೆ ಏರಿಸಿದರು. ಆದರೂ ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ. ಉದ್ದದ ವಿಡಿಯೊವನ್ನು ಕ್ಯಾಮೆರಾ ತುಂಡು ತುಂಡಾಗಿ ಉಳಿಸುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ.

ಇಷ್ಟಾದ ಮೇಲೆ ಕಾರ್ಡನ್ನು ಕ್ಯಾಮೆರಾಗೆ ಹಾಕಿ, ಕ್ಯಾಮೆರಾ ಮೆನುವಿನಿಂದ ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿ. ಕ್ಯಾಮೆರಾ ತನಗೆ ಬೇಕಾದ ಫೋಲ್ಡರ್‌ಗಳನ್ನು ಮಾಡಿಕೊಳ್ಳುತ್ತದೆ. ಕಪ್ಪು ಕಿಟಕಿ ಬೇಡವೇ ಬೇಡ ಎನ್ನುವವರಿಗೆ ಎಸ್‌ಡಿ ಅಸೋಸಿಯೇಷನ್‌ನ ಉಚಿತ ಫಾರ್ಮ್ಯಾಟರ್ ಇದೆ, ಅದೂ ಒಳ್ಳೆಯದು. ಕಾರ್ಡನ್ನು ಮತ್ತೆ ಪೈಗೇ ಬಳಸುವುದಾದರೆ ಇದ್ಯಾವುದೂ ಬೇಡ. ಕಾರ್ಡಿಗೆ ಪೈ ಸಾಫ್ಟ್‌ವೇರ್ ಹಾಕುವ ರಾಸ್ಪ್‌ಬೆರಿ ಪೈ ಇಮೇಜರ್ ಹಳೆಯ ಭಾಗಗಳ ಮೇಲೆಯೇ ಹೊಸದನ್ನು ಬರೆದುಕೊಳ್ಳುತ್ತದೆ.

ಕಾರ್ಡ್ ಮಾರುವುದಾದರೆ ಅಥವಾ ಯಾರಿಗಾದರೂ ಕೊಡುವುದಾದರೆ ಕ್ಲೀನ್ ಸಾಲದು. ಕ್ಲೀನ್ ಮತ್ತು ಕ್ವಿಕ್ ಎರಡೂ ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ ಅಳಿಸುತ್ತವೆ, ಒಳಗಿನ ಫೋಟೊಗಳು ಹಾಗೇ ಇರುತ್ತವೆ. ಫೋಟೊರೆಕ್ ಎಂಬ ಉಚಿತ ಪ್ರೋಗ್ರಾಂ ಇದ್ದರೆ ಯಾರು ಬೇಕಾದರೂ ಹೊರಗೆ ತೆಗೆಯಬಹುದು. ಕ್ಲೀನ್ ಆಲ್ ಎಂದು ಕೊಟ್ಟರೆ ಎಲ್ಲ ಕಡೆ ಸೊನ್ನೆ ಬರೆಯುತ್ತದೆ. ಬರೀ ಕ್ಲೀನ್ ಒಳಗಿನದನ್ನು ಹಾಗೇ ಬಿಡುವುದರಿಂದ, ತಪ್ಪಿ ಬೇರೆ ಡಿಸ್ಕ್ ಕ್ಲೀನ್ ಆದರೂ ಎಲ್ಲ ಮುಗಿಯಿತು ಎಂದಲ್ಲ. ಅದರ ಮೇಲೆ ಒಂದು ಫೈಲನ್ನೂ ಬರೆಯದೆ ತೆಗೆದಿಟ್ಟು, ಟೆಸ್ಟ್‌ಡಿಸ್ಕ್ ಎಂಬ ಪ್ರೋಗ್ರಾಂ ಗೊತ್ತಿರುವವರ ಕೈಗೆ ಕೊಡಿ. ಹಳೆಯ ಭಾಗಗಳನ್ನು ಅದು ಎಷ್ಟೋ ಸಲ ಹುಡುಕಿಕೊಡುತ್ತದೆ.

ರೈಟ್ ಪ್ರೊಟೆಕ್ಟ್ (ಬರೆಯಲು ತಡೆ ಇದೆ) ಎಂಬ ತಪ್ಪು ಬಂದರೆ ಮೊದಲು ಮೈಕ್ರೊ ಕಾರ್ಡ್ ಕೂರಿಸುವ ಅಡಾಪ್ಟರ್‌ನ ಪಕ್ಕದಲ್ಲಿರುವ ಸಣ್ಣ ಲಾಕ್ ನೋಡಿ, ಮೇಲಕ್ಕೆ ಸರಿಸಿ. ಆದರೂ ಬಂದರೆ ಆಟ್ರಿಬ್ಯೂಟ್ಸ್ ಡಿಸ್ಕ್ ಕ್ಲಿಯರ್ ರೀಡ್‌ಓನ್ಲಿ ಎಂದು ಕೊಟ್ಟು ನೋಡಿ. ಅದಕ್ಕೂ ಬಗ್ಗದಿದ್ದರೆ ಕಾರ್ಡಿನ ಚಿಪ್ ಸವೆದು ತಾನೇ ಬೀಗ ಹಾಕಿಕೊಂಡಿರಬಹುದು. ಅದನ್ನು ಯಾವ ಆಜ್ಞೆಯೂ ಬಿಡಿಸುವುದಿಲ್ಲ. ಒಳಗಿರುವುದನ್ನು ಕಾಪಿ ಮಾಡಿಕೊಂಡು ಹೊಸ ಕಾರ್ಡ್ ಕೊಳ್ಳಿ.

ಕ್ಲೀನ್ ಒತ್ತುವ ಮುಂಚೆ ಸಣ್ಣ ಅನುಮಾನ ಬಂದರೂ ಲಿಸ್ಟ್ ಡಿಸ್ಕ್, ಡಿಟೇಲ್ ಡಿಸ್ಕ್ ಎರಡರ ಫೋಟೊವನ್ನು ಪ್ರಶ್ನೆಯ ಕೆಳಗೆ ಹಾಕಿ. ಯಾವ ನಂಬರ್ ಎಂದು ನೋಡಿ ಹೇಳುತ್ತೇನೆ.