ಕಾರ್ಡ್ ಆಮೇಲೆ, ಮೊದಲು ಎಸ್‌ಎಂಪಿಎಸ್

ಪ್ರಶ್ನೆ: ಸರ್, ನನ್ನದು ಐ5-10400ಎಫ್ ಪ್ರೊಸೆಸರ್, 16 ಜಿಬಿ ರ್‍ಯಾಮ್, 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ಮಾನಿಟರ್ 1080ಪಿ, 75 ಹರ್ಟ್ಸ್. ಹೊಸ ಗೇಮ್‌ಗಳು ತಡವರಿಸುತ್ತವೆ. ಕೈಯಲ್ಲಿ 30 ಸಾವಿರ ಇದೆ. ಅಂಗಡಿಯವರು ಆರ್‌ಟಿಎಕ್ಸ್ 5060 ಹಾಕಿಸಿ ಅಂತಾರೆ, ಗೆಳೆಯ ಆರ್‌ಎಕ್ಸ್ 6600 ಸಾಕು ಅಂತಾನೆ. ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆಗೇ ಬಂದದ್ದು, 450 ವ್ಯಾಟ್. ಯಾವುದು ತಗೊಳ್ಳಲಿ?
– ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಗೆಳೆಯನ ಮಾತು ಕೇಳಿ. ಆದರೆ 30 ಸಾವಿರವನ್ನೂ ಕಾರ್ಡಿಗೇ ಸುರಿಯಬೇಡಿ, ಮೊದಲು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಡಬ್ಬಿ, ಅದನ್ನು ಬದಲಿಸಿ.

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ಬಿಚ್ಚಿ ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಓದಿ. 450 ಅಂತ ದಪ್ಪಗೆ ಬರೆದಿರುವುದನ್ನು ಬಿಡಿ. ಪಟ್ಟಿಯಲ್ಲಿ +12 ವೋಲ್ಟ್ ಅಂತ ಇರುವಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ. 15 ಇದ್ದರೆ 12ರಿಂದ ಗುಣಿಸಿ, ಬರೀ 180 ವ್ಯಾಟ್! ಪ್ರೊಸೆಸರ್, ಕಾರ್ಡ್ ಎರಡೂ ಇಷ್ಟರಲ್ಲೇ ಬದುಕಬೇಕು. 10400ಎಫ್ ಹೆಸರಿಗೆ 65 ವ್ಯಾಟ್, ಜೋರಾಗಿ ಓಡುವಾಗ ಸ್ವಲ್ಪ ಹೊತ್ತು 134ರವರೆಗೂ ಎಳೆಯಬಹುದು. 5060ಗೆ 145 ಬೇಕು, 6600ಗೆ 132. ಲೆಕ್ಕ ಎಲ್ಲಿ ಕೂಡುತ್ತದೆ? 1650 ಇಷ್ಟು ದಿನ ತಕರಾರಿಲ್ಲದೆ ಓಡಿದ್ದು ಅದಕ್ಕೆ 75 ವ್ಯಾಟ್ ಸಾಕು ಅನ್ನುವ ಕಾರಣಕ್ಕೆ, ಎಷ್ಟೋ ಮಾಡೆಲ್‌ಗಳಿಗೆ ಅದು ಮದರ್‌ಬೋರ್ಡ್ ಸ್ಲಾಟ್‌ನಿಂದಲೇ ಸಿಗುತ್ತದೆ, ಬೇರೆ ವೈರ್ ಬೇಡ. ಹೊಸ ಕಾರ್ಡಿಗೆ 8 ಪಿನ್ ವೈರ್ ಬೇಕು. ಹಾರ್ಡ್‌ಡಿಸ್ಕ್ ವೈರಿಗೆ ಕನ್ವರ್ಟರ್ ಸಿಕ್ಕಿಸಿ ಕೊಡ್ತೀನಿ ಅಂತ ಯಾರಾದರೂ ಹೇಳಿದರೆ ಸುಮ್ನೆ ಎದ್ದು ಬನ್ನಿ. 550 ವ್ಯಾಟ್‌ನ, 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲು ಕಡಿಮೆ ಅನ್ನುವ ಗುರುತು) ಇರುವ ಎಸ್‌ಎಂಪಿಎಸ್ ತಗೊಳ್ಳಿ, ಐದು ವರ್ಷ ವಾರಂಟಿ ಇದ್ದರೆ ಇನ್ನೂ ಒಳ್ಳೆಯದು.

ಇನ್ನು ಕಾರ್ಡ್. ಗೇಮ್ ಓಡುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಕಾರ್ಡಿನ ಸ್ವಂತ ಮೆಮೊರಿ, ಆ 4 ಜಿಬಿ, ತುಂಬಿಹೋಗಿರುತ್ತದೆ. ತುಂಬಿದ ಮೇಲೆ ಮಿಕ್ಕಿದ್ದನ್ನು ರ್‍ಯಾಮ್‌ಗೆ ತಳ್ಳುತ್ತದೆ, ತಡವರಿಕೆ ಜಾಸ್ತಿ ಬರುವುದು ಅಲ್ಲಿಂದ. 6600, 5060 ಎರಡರಲ್ಲೂ 8 ಜಿಬಿಯೇ ಇದೆ. ವೇಗದಲ್ಲಿ 5060 ಬಹಳ ಮುಂದೆ, ನಿಜ. ಆದರೆ ನಿಮ್ಮ ಮಾನಿಟರ್ ತೋರಿಸುವುದೇ ಸೆಕೆಂಡಿಗೆ 75 ಫ್ರೇಮ್ ಅಲ್ವಾ, ಮಿಕ್ಕಿದ್ದಕ್ಕೆ ಯಾಕೆ ದುಡ್ಡು? ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಕೆಲಸ ಇದೆ ಅಥವಾ ಗೇಮ್‌ನಲ್ಲಿ ಬೆಳಕು, ನೆರಳು ನಿಜದಂತೆ ಕಾಣಿಸುವ ರೇ ಟ್ರೇಸಿಂಗ್ ಬೇಕೇ ಬೇಕು ಅಂದರೆ ಮಾತ್ರ ಇನ್ನಷ್ಟು ದುಡ್ಡು ಕೂಡಿಸಿ 5060 ಕಡೆ ಹೋಗಿ. ಅಗ್ಗ ಅಂತ 6500 ಎಕ್ಸ್‌ಟಿ ಮುಟ್ಟಬೇಡಿ. ಅದು ನಾಲ್ಕೇ ಲೇನ್‌ಗಳ (ಡೇಟಾ ಓಡಾಡುವ ದಾರಿಗಳ) ಕಾರ್ಡ್, ನಿಮ್ಮ ಪ್ರೊಸೆಸರ್ ಪಿಸಿಐಇ 3.0 ಕಾಲದ್ದು, ಅಂದರೆ ಕಾರ್ಡ್ ಸ್ಲಾಟ್‌ನ ಹಳೇ, ನಿಧಾನದ ಪೀಳಿಗೆ, ಅಲ್ಲಿ ಅದು ಇನ್ನೂ ಸೊರಗುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಬಿಲ್ ಕೇಳಿ, ಅರ್ಧ ಗಂಟೆ ಭಾರೀ ಗೇಮ್ ಓಡಿಸಿಯೇ ದುಡ್ಡು ಕೊಡಿ. ಕ್ಯಾಬಿನೆಟ್ ಮುಂದೆ ಪೂರ್ತಿ ಗಾಜಿದ್ದು ಗಾಳಿಗೆ ದಾರಿಯಿಲ್ಲದಿದ್ದರೆ, ನಮ್ಮ ದಾವಣಗೆರೆಯ ಏಪ್ರಿಲ್‌ನಲ್ಲಿ ಯಾವ ಕಾರ್ಡಾದರೂ ಬೇಯುತ್ತದೆ, ಒಂದು ಫ್ಯಾನ್ ಹಾಕಿಸಿ.

ಹಳೇ 1650 ಅನ್ನು ಈಗಲೇ ಮಾರಬೇಡಿ. ನಿಮ್ಮ ಪ್ರೊಸೆಸರ್ ಹೆಸರಲ್ಲಿ 'ಎಫ್' ಇದೆ, ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಇಲ್ಲದಿದ್ದರೆ ಪರದೆಯೇ ಬರುವುದಿಲ್ಲ. ಹೊಸದು ಒಂದೆರಡು ವಾರ ಸರಿಯಾಗಿ ಓಡಲಿ, ಆಮೇಲೆ ಗಿರಾಕಿ ಹುಡುಕಿ.