ಶೇವ್ ಮಾಡಿದ ಮೇಲೆ ವಾಶ್‌ಬೇಸಿನ್ ನೀರು ಇಳಿಯೋದೇ ಇಲ್ಲ, ಏನು ಮಾಡಲಿ?

ಶೇವ್ ಮುಗಿಸುವ ಹೊತ್ತಿಗೆ ಬೇಸಿನ್ ಅರ್ಧ ತುಂಬಿರುತ್ತದೆ, ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ನೀರು ಹೋಗಿ ಸುತ್ತಲೂ ಕಪ್ಪು ಚುಕ್ಕೆಗಳ ಒಂದು ಬಳೆ ಉಳಿದಿರುತ್ತದೆ, ಕುದಿಯುವ ನೀರು ಸುರಿದಾಯ್ತು, ಸೋಡಾ ವಿನೆಗರ್ ಹಾಕಿದ್ದೂ ಆಯ್ತು, ಎರಡು ದಿನ ಸರಿಯಿದ್ದು ಮತ್ತೆ ಅದೇ ಕಥೆ, ಪ್ಲಂಬರ್ ಕರೆಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ನಾನೂ ಸುಮಾರು ಒಂದು ವರ್ಷ ಆ ಬಳೆಯನ್ನು ದಿನಾ ಒರೆಸಿಕೊಂಡು ಕಾಲ ತಳ್ಳಿದವನು. ಕೊನೆಗೆ ಕೆಳಗೆ ಕೂತು ಬಿಚ್ಚಿ ನೋಡಿದಾಗ ಹದಿನೈದು ನಿಮಿಷದ ಕೆಲಸ. ಸರಿ, ಮೊದಲ ಸಲ ಒಂದೂವರೆ ಗಂಟೆ ಹಿಡಿಯಿತು. ಅದು ನನ್ನ ದಡ್ಡತನದಿಂದ, ಮುಂದೆ ಹೇಳುತ್ತೇನೆ.

ಎಲ್ಲರೂ ಕೂದಲಿಗೆ ಬೈತಾರೆ. ನನ್ನ ಪ್ರಕಾರ ತಪ್ಪು ಸೋಪಿನದು. ದಿನಾ ಶೇವ್ ಮಾಡುವವರ ಗಡ್ಡದ ಕೂದಲು ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ, ಅಷ್ಟು ಪುಡಿ ತನ್ನಷ್ಟಕ್ಕೆ ನೀರಿನ ಜೊತೆ ಹೊರಟುಹೋಗುತ್ತದೆ. ಆದರೆ ಶೇವಿಂಗ್ ಕ್ರೀಮಿನಲ್ಲಿ ಕೊಬ್ಬಿನ ಅಂಶ ಇರುತ್ತದೆ. ಟ್ಯೂಬಿನ ಹಿಂದೆ ಸ್ಟಿಯರಿಕ್ ಆಸಿಡ್ ಅಂತ ಬರೆದಿರುತ್ತದಲ್ಲ, ಅದೇ. ನೀರು ಗಡಸಾಗಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಈ ಕೊಬ್ಬಿನ ಜೊತೆ ಸೇರಿ ನೀರಿನಲ್ಲಿ ಕರಗದ ಒಂದು ಜಿಡ್ಡಾಗುತ್ತದೆ. ಬಕೆಟ್ಟಿನ ಒಳಗೆ ಬಿಳಿಯಾಗಿ ಕಟ್ಟುತ್ತದಲ್ಲ, ಅದೇ ಜಾತಿ. ಇದು ಪೈಪಿನ ಗೋಡೆಗೆ ಹತ್ತಿಕೊಳ್ಳುತ್ತದೆ. ಕೂದಲಿನ ಪುಡಿ ಅದಕ್ಕೆ ಮೆತ್ತಿಕೊಳ್ಳುತ್ತದೆ, ಗಾರೆಯಲ್ಲಿ ಮರಳು ಸೇರಿದ ಹಾಗೆ. ಮೇಲಿಂದ ಟೂತ್‌ಪೇಸ್ಟಿನ ನುಣ್ಣನೆ ಪುಡಿ ಬೇರೆ ಬಂದು ಕೂರುತ್ತದೆ. ಶೇವ್ ಮಾಡುವ ಮೊದಲು ಮುಖಕ್ಕೆ ಎಣ್ಣೆ ಹಚ್ಚುವ ಅಭ್ಯಾಸ ಇದ್ದರಂತೂ ಕೇಳೋದೇ ಬೇಡ.

ಹಾಗಾಗಿ ನೀವು ಮಾಡಿದ ಉಪಾಯಗಳು ಯಾಕೆ ಎರಡೇ ದಿನ ಬಾಳಿದವು ಅಂತ ಗೊತ್ತಾಯ್ತಲ್ವಾ. ಬಿಸಿನೀರು ಮೇಲಿನ ಜಿಡ್ಡನ್ನು ಸ್ವಲ್ಪ ಸಡಿಲ ಮಾಡುತ್ತದೆ, ಅದು ಒಂದಡಿ ಕೆಳಗೆ ಹೋಗಿ ತಣ್ಣಗಾಗಿ ಮತ್ತೆ ಕೂರುತ್ತದೆ. ಇನ್ನು ಕುದಿಯುವ ನೀರು ಸುರಿಯುವುದನ್ನು ದಯವಿಟ್ಟು ನಿಲ್ಲಿಸಿ. ಪಿವಿಸಿ ಪೈಪು ಅಷ್ಟು ಶಾಖಕ್ಕೆ ಮೆತ್ತಗಾಗಿ ಸೊಟ್ಟಗಾಗಬಹುದು, ತಣ್ಣಗಿರುವ ಪಿಂಗಾಣಿ ಬೇಸಿನ್ ಬಿರುಕು ಬಿಡಲೂಬಹುದು. ಕೈ ತಡೆಯುವಷ್ಟು ಬಿಸಿ ಸಾಕು. ಸೋಡಾ ವಿನೆಗರ್ ವಿಷಯ ಇನ್ನೂ ತಮಾಷೆ. ಒಂದು ಕ್ಷಾರ, ಒಂದು ಆಮ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದನ್ನೊಂದು ತಿಂದುಹಾಕಿ ಕೊನೆಗೆ ಉಳಿಯುವುದು ಗಾಳಿಗುಳ್ಳೆ ಮತ್ತು ಉಪ್ಪಿನ ನೀರು. ಬುಸ್ಸೆಂದು ನೊರೆ ಬರುವುದನ್ನು ನೋಡಿ ಏನೋ ಭಾರಿ ಕೆಲಸ ಆಗ್ತಿದೆ ಅಂತ ಅನ್ನಿಸುತ್ತದೆ, ಅಷ್ಟೇ.

ಈಗ ಕಟ್ಟಿರುವುದು ಎಲ್ಲಿ ಅಂತ ಪತ್ತೆ ಮಾಡಿ. ತೂತಿಗೆ ಬಟ್ಟೆ ಒತ್ತಿ ಬೇಸಿನ್ ಅರ್ಧ ತುಂಬಿಸಿ, ಬಟ್ಟೆಯನ್ನು ಫಟ್ ಅಂತ ಎಳೆದುಬಿಡಿ, ಸುಮ್ನೆ ನೋಡ್ತಾ ನಿಲ್ಲಿ. ಮೊದಲ ಕ್ಷಣದಿಂದಲೇ ನೀರು ಸೋಮಾರಿಯಾಗಿ ಸುತ್ತುತ್ತಿದ್ದರೆ ತಡೆ ಬಾಯಲ್ಲೇ ಇದೆ, ಜಾಲರಿ ಅಥವಾ ಮುಚ್ಚಳದ ಹತ್ತಿರ. ಮೊದಲು ಜೋರಾಗಿ ಇಳಿದು ಆಮೇಲೆ ನಿಧಾನವಾದರೆ ಕೆಳಗೆ, ಟ್ರ್ಯಾಪಿನಲ್ಲೋ (ಬೇಸಿನ್ ಕೆಳಗೆ ಸದಾ ನೀರು ನಿಂತಿರುವ ಭಾಗ) ಅದರ ಆಚೆ ಪೈಪಿನಲ್ಲೋ. ಬಚ್ಚಲಿನ ನೆಲದ ನೀರೂ ನಿಧಾನವಾಗಿದ್ದರೆ, ಬೇಸಿನ್ ನೀರು ಬಿಟ್ಟಾಗ ನೆಲದ ಜಾಲರಿಯಲ್ಲಿ ಗುಳುಗುಳು ಅಂದರೆ, ಆಗ ಮಾತ್ರ ಪ್ಲಂಬರ್. ಅದು ಎಲ್ಲ ಸೇರುವ ಪೈಪಿನ ತೊಂದರೆ, ನಿಮ್ಮ ಗಡ್ಡಕ್ಕೂ ಅದಕ್ಕೂ ಸಂಬಂಧ ಕಡಿಮೆ.

ಬಾಯಲ್ಲೇ ಇದ್ದರೆ ಕೆಲಸ ಸುಲಭ. ಒತ್ತಿದರೆ ಮುಚ್ಚಿ ಮತ್ತೆ ಒತ್ತಿದರೆ ತೆರೆಯುವ ಮುಚ್ಚಳ ಇದ್ದರೆ ಸಾಮಾನ್ಯವಾಗಿ ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ಅದರ ಕಾಲಿನ ಸುತ್ತ ಹೆಣೆದುಕೊಂಡಿರುವುದನ್ನು ನೋಡಿದರೆ ಊಟ ಸೇರಲ್ಲ, ಹೊಟ್ಟೆ ಖಾಲಿ ಇದ್ದಾಗ ಮಾಡಿ. ನಲ್ಲಿಯ ಹಿಂದಿನ ಕಡ್ಡಿ ಎಳೆದರೆ ಏಳುವ ಮುಚ್ಚಳವಾದರೆ, ಬೇಸಿನ್ ಕೆಳಗೆ ಪೈಪಿಗೆ ಅಡ್ಡ ಬಂದಿರುವ ಕಡ್ಡಿಯ ನಟ್ ಸಡಿಲ ಮಾಡಿ ಕಡ್ಡಿಯನ್ನು ಹಿಂದಕ್ಕೆ ಎಳೆಯಬೇಕು, ಆಮೇಲೆ ಮುಚ್ಚಳ ಕೈಗೆ ಬರುತ್ತದೆ. ಆದರೆ ಕದಲದ ಜಾಲರಿಯಿದ್ದು ಅದರ ಮಧ್ಯೆ ಒಂದು ಸ್ಕ್ರೂ ಕಂಡರೆ ಅದಕ್ಕೆ ಕೈ ಹಾಕಬೇಡಿ. ಎಷ್ಟೋ ಬೇಸಿನ್‌ಗಳಲ್ಲಿ ಮೇಲಿನ ಜಾಲರಿಯನ್ನೂ ಕೆಳಗಿನ ಭಾಗವನ್ನೂ ಒಟ್ಟಿಗೆ ಹಿಡಿದಿರುವುದು ಅದೊಂದೇ ಸ್ಕ್ರೂ. ಬಿಚ್ಚಿದರೆ ಸೀಲ್ ಹೋಗಿ ಬೇರೆ ಕಡೆ ಸೋರಲು ಶುರುವಾಗುತ್ತದೆ. ಪಕ್ಕಕ್ಕೆ ಮುಳ್ಳಿರುವ ತೆಳು ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಅದನ್ನು ಜಾಲರಿಯ ಸಂದಿನಲ್ಲಿ ಇಳಿಸಿ ಮೇಲೆ ಕೆಳಗೆ ಆಡಿಸಿ ಎಳೆಯಿರಿ. ಗುಂಪಾಗಿ ಬರುತ್ತದೆ.

ನಿಮ್ಮದು ಮಾತ್ರ ಟ್ರ್ಯಾಪ್ ಅಂತ ನನ್ನ ಅನುಮಾನ, ಯಾಕಂದ್ರೆ ಎರಡು ದಿನ ಸರಿಯಾಗಿ ಮತ್ತೆ ಕಟ್ಟುತ್ತಿದೆ. ಬೇಸಿನ್ ಕೆಳಗೆ ಬಾಟಲಿಯ ತರ ಒಂದು ಭಾಗ ಇರುತ್ತದೆ, ಅದೇ ಬಾಟಲ್ ಟ್ರ್ಯಾಪ್. ಕೆಲವು ಕಡೆ ಬಾಟಲಿ ಬದಲು ಬಾಗಿದ ಪೈಪ್ ಇರುತ್ತದೆ. ಕೆಲಸ ಎರಡರದ್ದೂ ಒಂದೇ. ಒಳಗೆ ಒಂದೆರಡು ಇಂಚು ನೀರು ಸದಾ ನಿಂತಿರಬೇಕು, ಚರಂಡಿಯ ವಾಸನೆ ಮೇಲೆ ಬರದ ಹಾಗೆ ತಡೆಯುವುದು ಆ ನೀರೇ. ನೀರು ನಿಲ್ಲುವ ಜಾಗ ಅಂದ ಮೇಲೆ ಭಾರ ಇರುವುದೆಲ್ಲ ಅಲ್ಲೇ ತಳ ಸೇರುತ್ತದೆ. ಕೆಳಗೆ ಬಕೆಟ್ ಇಡಿ. ಬಾಟಲಿಯ ತಳದ ಬಟ್ಟಲನ್ನು ಕೈಯಲ್ಲೇ ತಿರುಗಿಸಿ. ಕೆಳಗಿನಿಂದ ಅದರ ಮುಖ ನೋಡಿಕೊಂಡು ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಬೇಕು. ಬೇಸಿನ್ ಮುಂದೆ ನಿಂತು ಮೇಲಿಂದ ಲೆಕ್ಕ ಹಾಕಿದರೆ ಉಲ್ಟಾ ಆಗಿ ಇನ್ನೂ ಬಿಗಿಯಾಗುತ್ತದೆ. ಜಾರುತ್ತಿದ್ದರೆ ಒಣ ಬಟ್ಟೆ ಸುತ್ತಿ ಹಿಡಿಯಿರಿ.

ನನ್ನ ಬಟ್ಟಲಲ್ಲಿ ಸಿಕ್ಕಿದ್ದು ಬೂದು ಬಣ್ಣದ ದಪ್ಪ ಲೋಳೆ. ಬೆರಳಲ್ಲಿ ಉಜ್ಜಿದರೆ ಒಳಗೆ ಕರಕರ ಅನ್ನುತ್ತಿತ್ತು, ಅದೇ ಕೂದಲಿನ ಪುಡಿ. ಬಾಟಲಿ ಒಳಗೆ ಮೇಲಿಂದ ಇಳಿದಿರುವ ಕೊಳವೆಯ ಹೊರಮೈಗೂ ಅದೇ ಬಳಿದಿತ್ತು, ನೀರು ಹೋಗಲು ಉಳಿದಿದ್ದು ಬೆರಳಿನ ಉಗುರಿನಷ್ಟು ಸಂದಿ. ಬಟ್ಟಲನ್ನು ಕಸದ ಚೀಲಕ್ಕೆ ತಟ್ಟಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಖುಷಿಯಿಂದ ಮತ್ತೆ ಕೂರಿಸಿದೆ. ತೊಟ್ಟಿಕ್ಕಿತು. ಬಿಗಿ ಮಾಡಿದೆ, ತೊಟ್ಟಿಕ್ಕಿತು. ಇಕ್ಕಳ ತಂದು ಇನ್ನೂ ಬಿಗಿ ಮಾಡಿದೆ, ಈಗ ಸಣ್ಣ ಧಾರೆ. ಅರ್ಧ ಗಂಟೆ ಒದ್ದಾಡಿದ ಮೇಲೆ ಹೊಳೆಯಿತು, ಬಟ್ಟಲಿನ ಅಂಚಿನಲ್ಲಿದ್ದ ರಬ್ಬರ್ ವಾಷರ್ ಲೋಳೆಗೆ ಅಂಟಿಕೊಂಡು ಅದರ ಜೊತೆಗೇ ಚೀಲ ಸೇರಿದೆ ಅಂತ. ಚೀಲಕ್ಕೆ ಕೈ ಹಾಕಿ ಹುಡುಕಿದ್ದನ್ನು ವರ್ಣಿಸಲ್ಲ. ವಾಷರ್ ತೊಳೆದು ಕೂರಿಸಿ ಬರೀ ಕೈಯಲ್ಲಿ ಬಿಗಿ ಮಾಡಿದೆ, ಒಂದು ಹನಿ ಬೀಳಲಿಲ್ಲ. ಇಕ್ಕಳ ಕಚ್ಚಿದ ಗುರುತು ಆ ಬಟ್ಟಲ ಮೇಲೆ ಈಗಲೂ ಇದೆ. ಆದ್ದರಿಂದ ಬಿಚ್ಚಿದ ತಕ್ಷಣ ಮೊದಲು ವಾಷರ್ ತೆಗೆದು ಪಕ್ಕಕ್ಕಿಡಿ, ಆಮೇಲೆ ಉಳಿದದ್ದು. ಇನ್ನೊಂದು ವಿಷಯ, ಬಿಚ್ಚಿದ ಬಟ್ಟಲನ್ನು ಅಭ್ಯಾಸ ಬಲದಿಂದ ಅದೇ ಬೇಸಿನ್ನಿನ ನಲ್ಲಿಗೆ ಹಿಡಿಯಬೇಡಿ, ನೀರು ಸೀದಾ ನಿಮ್ಮ ಕಾಲ ಮೇಲೆ ಬರುತ್ತದೆ. ಕೂರಿಸಿದ ಮೇಲೆ ಬೇಸಿನ್ ತುಂಬಿಸಿ ಒಮ್ಮೆಲೇ ಬಿಡಿ, ಜೋಡಣೆಯ ಸುತ್ತ ಒಣ ಕಾಗದ ಹಿಡಿದು ನೋಡಿ. ಒದ್ದೆಯಾಗದಿದ್ದರೆ ಮುಗೀತು.

ಟ್ರ್ಯಾಪಿನ ಆಚೆ ಮಡಿಕೆ ಮಡಿಕೆಯಾಗಿ ಬಾಗುವ ಪ್ಲಾಸ್ಟಿಕ್ ಪೈಪ್ ಹಾಕಿದ್ದರೆ ಅದನ್ನೂ ನೋಡಿ. ಪ್ರತಿ ಮಡಿಕೆಯೂ ಜಿಡ್ಡಿಗೆ ಒಂದೊಂದು ಕಪಾಟು ಇದ್ದ ಹಾಗೆ. ಉಜ್ಜಿ ಪ್ರಯೋಜನ ಕಡಿಮೆ, ಸಾಧ್ಯವಾದರೆ ಒಳಗೆ ನುಣುಪಾಗಿರುವ ನೇರ ಪೈಪಿಗೆ ಬದಲಾಯಿಸಿಬಿಡಿ.

ಬಿಚ್ಚಲು ಜಾಗವೇ ಇಲ್ಲ ಅನ್ನುವವರಿಗೆ ಪ್ಲಂಜರ್ ಇದೆ, ತೂತಿನ ಮೇಲಿಟ್ಟು ಒತ್ತುವ ಹಿಡಿಯಿರುವ ರಬ್ಬರ್ ಬಟ್ಟಲು. ಬೇಸಿನ್ ಗೋಡೆಯಲ್ಲಿ ಮೇಲ್ಗಡೆ ಒಂದು ಸಣ್ಣ ತೂತು ಇರುತ್ತದಲ್ಲ, ನೀರು ಉಕ್ಕದಿರಲಿ ಅಂತ ಮಾಡಿರುವುದು, ಅದಕ್ಕೆ ಒದ್ದೆ ಬಟ್ಟೆ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ನೀವು ಒತ್ತಿದ ಗಾಳಿಯೆಲ್ಲ ಅಲ್ಲಿಂದ ಹೊರಗೆ ಬರುತ್ತದೆ, ತಡೆ ಅಲ್ಲಾಡುವುದೇ ಇಲ್ಲ. ಪ್ಲಂಜರ್ ಕೆಲಸ ಮಾಡಲ್ಲ ಅನ್ನುವವರಲ್ಲಿ ಜಾಸ್ತಿ ಜನ ಈ ತೂತನ್ನು ಮರೆತವರೇ.

ಡ್ರೈನ್ ಕ್ಲೀನರ್ ಪುಡಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ಕೂದಲನ್ನು ನಿಜವಾಗಿಯೂ ಕರಗಿಸುತ್ತದೆ, ಎಣ್ಣೆಯನ್ನೂ ಸಡಿಲಿಸುತ್ತದೆ. ಆದರೆ ಗಡಸು ನೀರಿಗೆ ಕಟ್ಟಿಕೊಂಡ ಸೋಪಿನ ಜಿಡ್ಡಿನ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ, ನಿಮ್ಮ ತೊಂದರೆಯೋ ಅದೇ. ಕೆಲಸ ಆಗದೆ ಹೋದರೆ ಟ್ರ್ಯಾಪ್ ತುಂಬ ಚರ್ಮ ಸುಡುವ ನೀರು ನಿಂತಿರುತ್ತದೆ, ಅದನ್ನು ಬಿಚ್ಚುವವರು ನೀವೇ. ಹಾಕಲೇಬೇಕು ಅಂದರೆ ಕೈಗವಸು, ಕನ್ನಡಕ ಇರಲಿ, ಮತ್ತು ಅದರ ಹಿಂದೆಯೇ ಆಸಿಡ್ ಸುರಿಯಬೇಡಿ. ಬ್ಲೀಚ್ ಹಾಕಿದ್ದರೂ ಅಷ್ಟೇ, ಅದನ್ನು ಆಸಿಡ್ ಜೊತೆ ಸೇರಿಸಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಸಣ್ಣ ಬಚ್ಚಲುಮನೆಯಲ್ಲಿ ಅದು ಜೀವಕ್ಕೇ ಅಪಾಯ. ಪುಡಿ ಹಾಕಿದ ಮೇಲೂ ಸರಿಹೋಗದೆ ಪ್ಲಂಬರ್ ಬಂದರೆ, ಅವರು ಕೈ ಹಾಕುವ ಮೊದಲು ಏನು ಹಾಕಿದ್ದೀರಿ ಅಂತ ಹೇಳಿಬಿಡಿ.

ಇನ್ನು ಮುಂದೆ ಕಟ್ಟದ ಹಾಗೆ ನಾನು ಮಾಡುವುದು ಇಷ್ಟೇ. ಹರಿಯುವ ನಲ್ಲಿಯ ಕೆಳಗೆ ರೇಜರ್ ತೊಳೆಯುವುದಿಲ್ಲ, ಒಂದು ಮಗ್ ನೀರಿನಲ್ಲಿ ಅದ್ದಿ ಅಲುಗಿಸುತ್ತೇನೆ. ಕೊನೆಗೆ ಆ ಮಗ್ಗನ್ನು ಹಳೇ ಬಟ್ಟೆಯ ಮೇಲೆ ಸೋಸಿ ಬಟ್ಟೆಯಲ್ಲಿ ನಿಂತದ್ದನ್ನು ಕಸಕ್ಕೆ ಹಾಕುತ್ತೇನೆ. ಮುಖದ ಮೇಲಿನ ನೊರೆಯಲ್ಲಿ ಜಾಸ್ತಿ ಪಾಲು ಮಗ್ಗಿಗೇ ಹೋಗುತ್ತದೆ, ಪೈಪಿಗೆ ಅಲ್ಲ. ಟ್ರಿಮ್ಮರ್ ಹಿಡಿಯುವ ದಿನ ಬೇಸಿನ್ ಮೇಲೆ ಹಳೇ ಪೇಪರ್ ಹಾಸುತ್ತೇನೆ, ಉದ್ದ ಕೂದಲು ಒಳಗೆ ಹೋದರೆ ಪುಡಿಗಿಂತ ಕೆಟ್ಟದು. ವಾರಕ್ಕೊಮ್ಮೆ ಬೇಸಿನ್ ತುಂಬ ಬಿಸಿನೀರು ನಿಲ್ಲಿಸಿ ಒಂದೇ ಸಲ ಬಿಡುತ್ತೇನೆ. ಸಣ್ಣ ಧಾರೆ ಅರ್ಧ ಗಂಟೆ ಬಿಟ್ಟರೂ ಆಗದ್ದು ಈ ಒಂದು ಭಾರದ ನೀರಿಗೆ ಆಗುತ್ತದೆ. ಮೂರು ತಿಂಗಳಿಗೊಮ್ಮೆ ಬಟ್ಟಲು ಬಿಚ್ಚಿ ತೊಳೆಯುತ್ತೇನೆ, ಈಗ ಅದರಲ್ಲಿ ಒಂದು ಚಮಚದಷ್ಟು ಲೋಳೆ ಕೂಡ ಇರುವುದಿಲ್ಲ.

ಮೊದಲು ಆ ಬಟ್ಟೆ ಎಳೆಯುವ ಪರೀಕ್ಷೆ ಮಾಡಿ. ನೀರು ಶುರುವಿನಿಂದಲೇ ನಿಧಾನವೋ, ಆಮೇಲೆ ನಿಧಾನವೋ, ಬೇಸಿನ್ ಕೆಳಗಿರುವುದು ಬಾಟಲಿಯೋ ಬಾಗಿದ ಪೈಪೋ ಅಂತ ಇಲ್ಲೇ ಕೆಳಗೆ ಬರೆಯಿರಿ, ನೋಡ್ತೀನಿ.